ನಿಲ್ಲದೆ ನಡೆಯುವುದು ನಡಿಗೆಯೇ?

ನಮ್ಮ ಕನ್ನಡ ಸಂಘದ ಮಳೆಗಾಲದ ನಡಿಗೆಗೆ ಈ ವರ್ಷ ಹೊಸದೊಂದು ನಿಯಮ ತರಬೇಕೆಂದು ಕಾರ್ಯಕಾರಿ ಸಮಿತಿ ಯೋಚಿಸಿದೆ. ದಾರಿಯಲ್ಲಿ ಎಲ್ಲಿಯೂ ನಿಲ್ಲಕೂಡದು. ಊಟದ ಪೊಟ್ಟಣ ಮುಂಬಯಿಯಿಂದಲೇ ಬರುತ್ತದೆ. ಕೋಟೆ ಹತ್ತುವುದು, ಪೊಟ್ಟಣ ಬಿಚ್ಚುವುದು, ಇಳಿದು ಸಂಜೆಯ ಲೋಕಲ್ ಹಿಡಿಯುವುದು. ಬರುವ ಸಾಮಾನ್ಯ ಸಭೆಯಲ್ಲಿ ಇದಕ್ಕೆ ಕೈ ಎತ್ತುವ ಮೊದಲು ಸದಸ್ಯ ಮಿತ್ರರು ನನ್ನ ನಾಲ್ಕು ಮಾತು ಕೇಳಬೇಕೆಂದು ವಿನಂತಿ.

ಸಮಿತಿಯವರ ಸಿಟ್ಟಿಗೆ ಕಾರಣವಿದೆ, ಒಪ್ಪಿದೆ. ಹೋದ ವರ್ಷ ಹಿಂತಿರುಗುವಾಗ ನಾಲ್ವರು ಮಹಾಶಯರು ಹೆದ್ದಾರಿಯ ಬಾರೊಂದರ ಮುಂದೆ ಬಸ್ಸು ನಿಲ್ಲಿಸಿ, "ಐದೇ ನಿಮಿಷ ಮಾರಾಯ್ರೆ" ಅಂತ ಇಳಿದವರು ಒಂದೂವರೆ ಗಂಟೆ ಪತ್ತೆಯಿಲ್ಲ. ನಾವು ಹುಡುಗಿಯರು ಒದ್ದೆ ಬಟ್ಟೆಯಲ್ಲಿ ಬಸ್ಸಿನೊಳಗೆ ನಡುಗುತ್ತ ಕೂತಿದ್ದೆವು. ಮನೆಗಳಿಂದ ಫೋನಿನ ಮೇಲೆ ಫೋನು. ಒಬ್ಬಳ ತಂದೆಯಂತೂ, "ಇನ್ನು ಸಂಘಾನೂ ಬ್ಯಾಡ, ಗುಡ್ಡಾನೂ ಬ್ಯಾಡ" ಎಂದು ಹೇಳಿಯೇಬಿಟ್ಟರು. ಅವಳು ಈ ವರ್ಷ ಬರುವುದಿಲ್ಲ. ಇದಕ್ಕೆ ಏನಾದರೂ ಮಾಡಲೇಬೇಕು, ಸರಿ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ?

ಸಮಿತಿಯ ಹಿರಿಯರೊಬ್ಬರು ಹೇಳಿದರು: "ಈ ನಿಲ್ಲೋ ಚಟ ಇಂಗ್ಲಿಷರದು. ಅವರು ನಡೆಯೋದೇ ಪಬ್ಬಿಗಾಗಿ." ಮಾತು ಅರ್ಧ ನಿಜ, ಹಾಗಾಗಿ ಉಳಿದರ್ಧವನ್ನೂ ನೋಡೋಣ. ಅಲ್ಲಿಯ ನಡಿಗೆ ಕೂಟಗಳು ಭಾನುವಾರ ಹೊಲ ಗುಡ್ಡ ಸುತ್ತಿ ಮಧ್ಯಾಹ್ನ ಹಳ್ಳಿಯ ಪಬ್ಬಿನಲ್ಲಿ ಕೂಡುವುದು ಹಳೆಯ ಪದ್ಧತಿ. ಆದರೆ ಆ ಹೊಲ ಗುಡ್ಡಗಳ ಮೇಲೆ ಕಾಲಿಡುವ ಹಕ್ಕು ಅವರಿಗೆ ಪುಕ್ಕಟೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಜನ, ಬಹುಪಾಲು ದುಡಿಯುವ ವರ್ಗದ ಹುಡುಗರು, ಕಿಂಡರ್ ಸ್ಕೌಟ್ ಎಂಬ ಗುಡ್ಡದ ಮೇಲೆ ಬೇಕೆಂದೇ ಅತಿಕ್ರಮಣ ಮಾಡಿದರು. ಅದು ಜಮೀನುದಾರರು ಹಕ್ಕಿ ಬೇಟೆಗೆ ಕಾದಿಟ್ಟ ಜಾಗ. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಐವರು ಜೈಲಿಗೆ ಹೋದರು. ಮುಂದೆ 1949ರಲ್ಲಿ ಕಾಯಿದೆ ಬಂತು, ಕಾಲುಹಾದಿಗಳು ಸರಕಾರಿ ನಕ್ಷೆಯಲ್ಲಿ ಸೇರಿದವು. 1965ರಲ್ಲಿ ಪೆನೈನ್ ವೇ ಎಂಬ 268 ಮೈಲಿಯ ಹಾದಿ ತೆರೆಯಿತು. ಆ ಹಾದಿ ಎಡೇಲ್ ಹಳ್ಳಿಯ ಒಂದು ಪಬ್ಬಿನ ಬಳಿ ಶುರುವಾಗಿ ಸ್ಕಾಟ್‌ಲೆಂಡಿನ ಗಡಿಯಾಚೆ ಇನ್ನೊಂದು ಪಬ್ಬಿನ ಬಳಿ ಮುಗಿಯುತ್ತದೆ. ಅದರ ಬಗ್ಗೆ ಕೈಪಿಡಿ ಬರೆದ ವೇನ್‌ರೈಟ್ ಎಂಬಾತ, ಪೂರ್ತಿ ನಡೆದು ಬಂದವರಿಗೆ ಕೊನೆಯ ಪಬ್ಬಿನಲ್ಲಿ ಅರ್ಧ ಪೈಂಟ್ ಬಿಯರನ್ನು ವರ್ಷಗಟ್ಟಲೆ ತನ್ನ ಲೆಕ್ಕದಲ್ಲೇ ಕೊಡಿಸಿದ. ಗಮನಿಸಿ, ಅರ್ಧ ಪೈಂಟು! ಅಮಲೇರುವಷ್ಟಲ್ಲ, 'ಬಂದೆಯಾ ಮಗನೇ, ಕೂತುಕೋ' ಎನ್ನುವಷ್ಟು.

ಪಬ್ಬಿನ ಪೂರ್ಣ ಹೆಸರೇ 'ಪಬ್ಲಿಕ್ ಹೌಸ್', ಅಂದರೆ ಎಲ್ಲರಿಗೂ ಬಾಗಿಲು ತೆರೆದ ಮನೆ. ಅಂಥ ಮನೆ ನಮ್ಮಲ್ಲಿ ಇಲ್ಲವೇ? ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದ ಯಾರನ್ನಾದರೂ ಕೇಳಿ. 1712 ಮೀಟರಿನ ತುದಿಯ ವರ್ಣನೆಗೆ ಮೊದಲೇ ಗಿರಿಗದ್ದೆಯ ಭಟ್ಟರ ಮನೆಯ ಮಾತು ಬರುತ್ತದೆ. ಕಾಡಿನ ನಡುವೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಅಲ್ಲಿ ಹೆಂಡವಿಲ್ಲ, ಆದರೆ ನಿಲುಗಡೆ ಇದೆ. ದಣಿದವನಿಗೆ ಬೇಕಾದದ್ದು ಜಗಲಿ, ನೀರು, ಮತ್ತೆ 'ಎಲ್ಲಿಂದ ಬಂದಿರಿ?' ಎಂದು ಕೇಳುವ ಒಂದು ಬಾಯಿ.

ನಾವು ಮುಂಬಯಿಯವರಿಗೆ ಸಹ್ಯಾದ್ರಿಯಲ್ಲೂ ಆ ಬಾಯಿ ಉಂಟು. ಕರ್ಜತಿನಲ್ಲಿ ಇಳಿದು, ಕೊಂಡಾಣೆ ಗುಹೆ ನೋಡಿಕೊಂಡು ರಾಜಮಾಚಿಗೆ ಹತ್ತಿದರೆ ಉಧೇವಾಡಿ ಎಂಬ ಪುಟ್ಟ ಹಳ್ಳಿ. ಅದರ ನೆತ್ತಿಯ ಮೇಲೆ ಶ್ರೀವರ್ಧನ, ಮನರಂಜನ ಎಂಬ ಜೋಡಿ ಕೋಟೆ. ಎರಡು ವರ್ಷದ ಹಿಂದೆ ನಾವು ಉಂಡ ಮನೆಯ ಮಾವಶಿ ಒಲೆಯ ಮುಂದೆ ಕೂತು ಭಾಕರಿ ತಟ್ಟುತ್ತ ನಮ್ಮ ಮಾತು ಕೇಳುತ್ತಿದ್ದರು. "ಇದು ಯಾವ ಭಾಷೆ?" ಎಂದರು. ಕನ್ನಡ ಎಂದಾಗ, "ಹಾಂ, ಪಂಢರಪುರದ ವಿಠ್ಠಲನ ಭಾಷೆ" ಎಂದರು! ವಿಠ್ಠಲನನ್ನು 'ಕಾನಡಾ' ಎಂದು ಮರಾಠಿ ಸಂತರು ಕರೆದದ್ದನ್ನು ನಾವು ಇಲ್ಲಿ ಭಾಷಣದಲ್ಲಿ ಎಷ್ಟು ಸಲ ಹೇಳಿಲ್ಲ? ಅದನ್ನು ಒಲೆಯ ಹೊಗೆಯ ನಡುವೆ ಆಕೆಯ ಬಾಯಲ್ಲಿ ಕೇಳಿದ್ದು ನನಗೆ ಹತ್ತು ಉಪನ್ಯಾಸಕ್ಕಿಂತ ಹೆಚ್ಚು. ತಟ್ಟೆಗೆ ಝುಣಕ ಬಿದ್ದಾಗ ನಮ್ಮ ವಿಜಾಪುರದ ಹುಡುಗ, "ಏ, ಇದು ನಮ್ಮವ್ವ ಮಾಡೋದ" ಎಂದು ಮೂರನೆಯ ಭಾಕರಿಗೆ ಕೈ ಚಾಚಿದ. ಪೊಟ್ಟಣದ ಪುಲಾವಿನಲ್ಲಿ ಇದು ಸಿಕ್ಕೀತೇ?

ಇನ್ನೊಂದು ಮಾತು. ಸಭೆಯಲ್ಲಿ ಹೇಳಲು ಸಂಕೋಚ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎಂಟು ಗಂಟೆ ಮಳೆಯಲ್ಲಿ ನಡೆಯುವ ಹುಡುಗಿಗೆ ಪಾಯಖಾನೆ ಬೇಕು, ಒದ್ದೆ ಬಟ್ಟೆ ಬದಲಿಸಲು ನಾಲ್ಕು ಗೋಡೆ ಬೇಕು. ಸಮಿತಿಯ ಕಾರ್ಯಕ್ರಮ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಹಳ್ಳಿಯ ಮನೆಯಲ್ಲಿ ಹೆಂಗಸರಿರುತ್ತಾರೆ, ಕೇಳದೆಯೇ ತಿಳಿದುಕೊಳ್ಳುತ್ತಾರೆ. ನಿಲ್ಲಕೂಡದೆಂಬ ನಿಯಮ ನಮ್ಮ ಸುರಕ್ಷತೆಗೆಂದು ಹೇಳುತ್ತೀರಿ. ಅದರಿಂದ ಮೊದಲು ಹೊರಬೀಳುವವರು ನಾವೇ.

ದಾರಿಯ ಋಣವೂ ಇದೆಯಲ್ಲ? ಇಂಗ್ಲಿಷರಿಗೆ ನಕ್ಷೆಯ ಹಕ್ಕಿದೆ. ನಾವು ಹತ್ತುವುದು ಹಳ್ಳಿಯವರ ಗದ್ದೆಯ ಬದುವಿನ ಮೇಲೆ, ಅವರ ದನ ಹೋಗುವ ಜಾಡಿನಲ್ಲಿ. ಯಾರೂ ತಡೆಯದಿರುವುದು ಅವರ ದೊಡ್ಡತನ. ಮುಂಬಯಿಯ ಅನ್ನ ಅಲ್ಲಿ ತಿಂದು, ಪ್ಲಾಸ್ಟಿಕ್ಕನ್ನು ಅಲ್ಲೇ ಬಿಟ್ಟು, ಒಂದು ರೂಪಾಯಿಯೂ ಆ ಊರಿಗೆ ಸೇರದಂತೆ ಇಳಿದು ಬಂದರೆ ಅದಕ್ಕೆ ಏನನ್ನಬೇಕು? ಮಿತಿಮೀರಿದ ಗುಂಪಿಗೆ ಬಾಗಿಲು ಮುಚ್ಚುತ್ತದೆಂಬುದನ್ನೂ ನೋಡಿದ್ದೇವೆ: 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಬೇಕಾಯಿತು.

ಮನೆಯೂಟದಲ್ಲಿ ಶುಚಿತ್ವ ಹೇಗೋ ಏನೋ ಎನ್ನುವವರಿಗೆ ಒಂದೇ ಪ್ರಶ್ನೆ: ಬೆಳಗಿನ ಐದಕ್ಕೆ ಕಟ್ಟಿ ಮಧ್ಯಾಹ್ನ ಎರಡಕ್ಕೆ ಬಿಚ್ಚುವ ಪೊಟ್ಟಣದ ಶುಚಿತ್ವ ಹೇಗೆ?

ಆದ್ದರಿಂದ ನನ್ನ ತಿದ್ದುಪಡಿ ಇಷ್ಟು. ನಿಲುಗಡೆ ಒಂದೇ, ಅದೂ ಮೊದಲೇ ಗೊತ್ತುಮಾಡಿದ ಹಳ್ಳಿಯ ಮನೆಯಲ್ಲಿ. ಎರಡು ದಿನ ಮುಂಚೆ ಫೋನ್ ಮಾಡಿ ತಲೆ ಲೆಕ್ಕ ಹೇಳುವುದು. ಅವರು ಹೇಳಿದ ದರವನ್ನು ಚೌಕಾಸಿ ಮಾಡದೆ ಕೊಡುವುದು. ನಮ್ಮ ಕಸ ನಮ್ಮ ಚೀಲದಲ್ಲೇ ವಾಪಸು. ಬಾಟಲಿ ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಮಹಾರಾಷ್ಟ್ರದ ಕಾನೂನಿನಲ್ಲಿ ಬಿಯರಿಗೆ 21, ಕಡು ಮದ್ಯಕ್ಕೆ 25 ವಯಸ್ಸಾಗಿರಬೇಕು. ನಮ್ಮ ಸದಸ್ಯರ ಜನ್ಮತಾರೀಖು ನೋಡಿದರೆ ಈ ಚರ್ಚೆಯೇ ಬೇಕಿಲ್ಲ. ಮುರಿದವರನ್ನು ಮುಂದಿನ ನಡಿಗೆಗೆ ಸೇರಿಸುವುದು ಬೇಡ. ನಾಲ್ವರು ಮಾಡಿದ್ದಕ್ಕೆ ಆ ನಾಲ್ವರಿಗೇ ಶಿಕ್ಷೆ ಆಗಲಿ, ಮಾವಶಿಯ ಒಲೆಗೆ ಬೇಡ.

ಸಭೆಯಲ್ಲಿ ಇದನ್ನು ಮಂಡಿಸುವವಳು ನಾನು. ಅನುಮೋದಿಸಲು ಒಬ್ಬರು ಬೇಕು. ಯಾರು ಬರುತ್ತೀರಿ?