ಹುಸೇನರ ಚಿತ್ರಗಳಿಗೆ ಗೋಡೆ ಕೊಡಿ

2025ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯವೊಂದು ಎಂ.ಎಫ್. ಹುಸೇನರ ಎರಡು ಚಿತ್ರಗಳನ್ನು ವಶಕ್ಕೆ ಪಡೆಯಲು ಪೊಲೀಸರಿಗೆ ಅನುಮತಿ ಕೊಟ್ಟಿತು. ಡಿಎಜಿ ಗ್ಯಾಲರಿಯ ಪ್ರದರ್ಶನದಲ್ಲಿದ್ದ ಆ ಚಿತ್ರಗಳಲ್ಲಿ ದೇವತೆಗಳ ಜೊತೆ ನಗ್ನ ಸ್ತ್ರೀರೂಪವಿದೆ ಎಂಬುದು ದೂರು. ಕಲಾವಿದ ತೀರಿಕೊಂಡು ಆಗಲೇ ಹದಿಮೂರು ವರ್ಷ ಕಳೆದಿತ್ತು. ಎರಡೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅವರು 1954ರಲ್ಲಿ ಬರೆದ ‘ಗ್ರಾಮಯಾತ್ರೆ’ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು.

ಈ ವಿವಾದದಲ್ಲಿ ಬೈಗುಳವೆಲ್ಲ ಕಲ್ಲು ಹಿಡಿದು ಬಂದ ಗುಂಪಿಗೇ ಸಲ್ಲುತ್ತದೆ. ಬಾಗಿಲು ಹಾಕಿಕೊಂಡು ಒಳಗೆ ಕುಳಿತ ಕಲಾಲೋಕದವರ ಹೊಣೆಯನ್ನು ಯಾರೂ ಕೇಳುವುದಿಲ್ಲ.

ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಹುಸೇನರ ಸರಸ್ವತಿಯ ರೇಖಾಚಿತ್ರ ಹುಟ್ಟಿದ್ದು 1970ರ ದಶಕದಲ್ಲಿ. ಗಲಾಟೆ ಎದ್ದದ್ದು 1996ರಲ್ಲಿ ಹಿಂದಿ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿದ ಮೇಲೆ. ನಡುವಿನ ಅಷ್ಟು ವರ್ಷ ಅದರಿಂದ ದೇಶದ ಶಾಂತಿ ಕದಡಿರಲಿಲ್ಲ. 1998ರಲ್ಲಿ ಮುಂಬೈಯ ಅವರ ಮನೆಗೇ ದಾಳಿಕೋರರು ನುಗ್ಗಿದರು. 2006ರಲ್ಲಿ ‘ಭಾರತ ಮಾತೆ’ ಎಂಬ ಚಿತ್ರದ ಸರದಿ. ಆ ಹೆಸರನ್ನು ಚಿತ್ರಕ್ಕೆ ಕೊಟ್ಟವರು ಹುಸೇನರಲ್ಲ. ಎಂದೋ ಮಾರಾಟವಾಗಿದ್ದ ಅದು ಕಾಶ್ಮೀರದ ಭೂಕಂಪ ಸಂತ್ರಸ್ತರ ನೆರವಿನ ಹರಾಜಿಗೆ ಬಂದಿತ್ತು. ಹುಸೇನರು ಕ್ಷಮೆ ಕೇಳಿದರು, ಚಿತ್ರವೂ ಹರಾಜಿನಿಂದ ಹಿಂದೆ ಸರಿಯಿತು. ಆದರೂ ಊರೂರಿನ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಬಿದ್ದವು. ತೊಂಬತ್ತು ದಾಟಿದ ಮುದುಕ ದೇಶ ಬಿಟ್ಟರು.

2008ರ ಮೇ 8ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಆ ಪ್ರಕರಣಗಳನ್ನು ರದ್ದುಪಡಿಸಿದರು. ತೊಂಬತ್ತರ ಕಲಾವಿದ ತನ್ನ ಮನೆಯಲ್ಲಿ ಕುಳಿತು ಚಿತ್ರ ಬರೆಯುವಂತಿರಬೇಕು ಎಂದು ತೀರ್ಪಿನಲ್ಲೇ ಹೇಳಿದರು. ಕಲಾಲೋಕ ಹಬ್ಬ ಮಾಡಬೇಕಿದ್ದ ಗಳಿಗೆ ಅದು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಇಂಡಿಯಾ ಆರ್ಟ್ ಸಮ್ಮಿಟ್ ಕಲಾಮೇಳ ಭದ್ರತೆಯ ನೆಪ ಹೇಳಿ ಹುಸೇನರ ಒಂದು ಚಿತ್ರವನ್ನೂ ಗೋಡೆಗೆ ಏರಿಸಲಿಲ್ಲ. ಪ್ರತಿಭಟಿಸಿ ಕಲಾವಿದರ ‘ಸಹಮತ್’ ಸಂಸ್ಥೆ ಬೇರೆಯೇ ಪ್ರದರ್ಶನ ಇಟ್ಟಿತು. ಅದರ ಮೇಲೂ ದಾಳಿಯಾಯಿತು. ಹುಸೇನರ ಪರವಾಗಿ ನ್ಯಾಯಾಲಯ ನಿಂತಿತು, ಮಾರುಕಟ್ಟೆ ನಿಲ್ಲಲಿಲ್ಲ. 2010ರಲ್ಲಿ ಅವರು ಕತಾರಿನ ಪೌರರಾದರು. ಮರುವರ್ಷ ಲಂಡನ್ನಿನಲ್ಲಿ ತೀರಿಕೊಂಡರು, ಮಣ್ಣಾದದ್ದೂ ಇಂಗ್ಲೆಂಡಿನಲ್ಲೇ.

ಭಕ್ತರ ಮನಸ್ಸು ನೋಯುವುದಿಲ್ಲವೇ ಎಂಬ ಪ್ರಶ್ನೆ ಇದೆ. ನೋಯಬಹುದು, ಅದು ಸುಳ್ಳು ನೋವಲ್ಲ. ನೊಂದವರು ಟೀಕಿಸಲಿ, ಪ್ರದರ್ಶನಕ್ಕೆ ಹೋಗದಿರಲಿ. ಆದರೆ ನಗ್ನತೆಯೇ ನಮ್ಮ ಸಂಸ್ಕೃತಿಗೆ ಅಪಚಾರ ಎಂಬ ಮಾತು ಕನ್ನಡ ನಾಡಿನಲ್ಲಂತೂ ನಿಲ್ಲದು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗೆ ಸಾವಿರ ವರ್ಷಗಳಿಂದ ಜನ ಕೈ ಮುಗಿದಿದ್ದಾರೆ. ಅದು ವೈರಾಗ್ಯದ ನಗ್ನತೆ, ಬೇರೆಯದು ಎನ್ನುವವರು ಬೇಲೂರಿಗೆ ಹೋಗಲಿ. ನಿತ್ಯಪೂಜೆ ನಡೆಯುವ ಚೆನ್ನಕೇಶವನ ಗುಡಿಯಲ್ಲೇ ಕೋತಿ ಸೀರೆ ಎಳೆಯುತ್ತಿರುವ ಮದನಿಕೆ ನಿಂತಿದ್ದಾಳೆ. ಅವಳನ್ನು ಕಡೆದ ಶಿಲ್ಪಿಯನ್ನು ಯಾವ ಹೊಯ್ಸಳ ದೊರೆಯೂ ಗಡಿಪಾರು ಮಾಡಲಿಲ್ಲ.

ಕಲಾಲೋಕದ ಈ ಅಂಜಿಕೆಯ ಫಲ ಅನುಭವಿಸುವವರು ಎಳೆಯ ಕಲಾವಿದರು. 2007ರ ಮೇ ತಿಂಗಳಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನನ್ನು ಪರೀಕ್ಷೆಗೆಂದು ಇಟ್ಟ ಕೃತಿಗಳಿಗಾಗಿ ಪೊಲೀಸರು ಬಂಧಿಸಿದರು. ವಿದ್ಯಾರ್ಥಿಗಳ ಪ್ರತಿಭಟನಾ ಪ್ರದರ್ಶನವನ್ನು ಮುಚ್ಚಿಸಲು ಒಪ್ಪದ ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. ಜಾತಿ, ಧರ್ಮ, ಗಲಭೆ, ವಲಸೆಗಳ ಬಗ್ಗೆ ಇಂದಿನ ಕಲೆ ಮಾತಾಡಬೇಕೆಂದು ಕೇಳುವ ಸಮಾಜ, ಮಾತಾಡಿದವರ ಬೆನ್ನಿಗೆ ನಿಂತ ಒಬ್ಬ ಡೀನ್‌ಗೂ ಜಾಗ ಬಿಡಲಿಲ್ಲ.

2025ರ ನವೆಂಬರಿನಲ್ಲಿ ಹುಸೇನರಿಗೆಂದೇ ಒಂದು ಮ್ಯೂಸಿಯಂ ತೆರೆಯಿತು, ಕತಾರಿನ ದೋಹಾದಲ್ಲಿ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಅಲ್ಲಿ ಹುಸೇನರ ಸಮಗ್ರ ಪ್ರದರ್ಶನ ನಡೆಯಲಿ. ವಿವಾದಕ್ಕೆ ಸಿಕ್ಕ ಚಿತ್ರಗಳೂ ಅದರಲ್ಲಿರಲಿ, ಒಪ್ಪದವರಿಗೂ ಅದೇ ಅಂಗಳದಲ್ಲಿ ಮೈಕು ಸಿಗಲಿ. ಬಾಗಿಲಲ್ಲಿ ಪೊಲೀಸರು ನಿಲ್ಲಲಿ, ಚಿತ್ರಗಳನ್ನು ಕಾಯಲು.