"ಟೈಟ್ ಮಾಡಿದೀನಿ ಸಾರ್" ಅಂದ್ರೆ ಎಷ್ಟು?

ಅಲ್ಲಾ ಸ್ವಾಮಿ, ಕಾರು ಕೊಳ್ಳುವಾಗ ಏರ್‌ಬ್ಯಾಗ್ ಎಷ್ಟಿದೆ ಅಂತ ಎಣಿಸ್ತೀವಿ. ಅದೇ ಕಾರಿನ ಕಾರ್ಪೆಟ್ ತೊಳೆಯೋಕೆ ಸೀಟು, ಬೆಲ್ಟು ಬಿಚ್ಚಿದವನು ಬೋಲ್ಟ್ ವಾಪಸ್ ಹೇಗೆ ಬಿಗಿದ ಅಂತ ಕೇಳ್ತೀವಾ? "ಟೈಟ್ ಮಾಡಿದೀನಿ ಸಾರ್" ಅಂದ್ರೆ ಮುಗೀತು!

ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರೋ 70 ಕೆ.ಜಿ. ಮನುಷ್ಯನನ್ನ 0.1 ಸೆಕೆಂಡಲ್ಲಿ ನಿಲ್ಲಿಸೋಕೆ ಸರಾಸರಿ ಒಂದು ಟನ್ ತೂಕದಷ್ಟು ಬಲ ಬೇಕು. ಅದರ ಬಹುಪಾಲು ಬೀಳೋದು ಬೆಲ್ಟಿನ ಆ ನಾಲ್ಕಾರು ಬೋಲ್ಟ್ ಮೇಲೆ.

ಸಡಿಲ ಬಿಟ್ಟರೆ ಅದುರಿ ಅದುರಿ ಕಳಚಿಕೊಳ್ಳುತ್ತೆ. ಅತಿಯಾಗಿ ಬಿಗಿದರೆ ಥ್ರೆಡ್ ಹಾಳು, ಬೋಲ್ಟು ಒಳಗೊಳಗೇ ಹಿಗ್ಗಿ ಸೋತಿರುತ್ತೆ. ಹೊರಗಿಂದ ಎರಡೂ ಚೆನ್ನಾಗೇ ಕಾಣುತ್ತೆ! ಏರ್‌ಬ್ಯಾಗಂತೂ ಕಣ್ಣು ಮಿಟುಕಿಸೋದ್ರೊಳಗೆ ಸಿಡಿದು ಉಬ್ಬೋ ವಸ್ತು; ಕೂತ ಜಾಗ ಭದ್ರ ಇರಬೇಡ್ವಾ? ಅದಕ್ಕೇ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇಂಥ ಬೋಲ್ಟಿಗೆ ಇಷ್ಟು ನ್ಯೂಟನ್-ಮೀಟರ್ ಅಂತ ಬರೆದಿರ್ತಾರೆ. ಕೆಲವನ್ನ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು.

"ಇಪ್ಪತ್ತು ವರ್ಷದ ಕೈ, ಅದಕ್ಕೇ ಗೊತ್ತಾಗುತ್ತೆ" ಅಂತಾರೆ. ಅನುಭವಕ್ಕೆ ನಮಸ್ಕಾರ. ಆದ್ರೆ ಸ್ಪ್ಯಾನರ್ ಉದ್ದ ಬದಲಾದ್ರೆ, ಥ್ರೆಡ್ಡಿಗೆ ಎಣ್ಣೆ ತಾಗಿದ್ರೆ ಕೈ ಲೆಕ್ಕ ತಪ್ಪುತ್ತೆ.

ಮುಂದಿನ ಸಲ "ಟಾರ್ಕ್ ರೆಂಚ್ ಎಲ್ಲಿ?" ಅಂತ ಕೇಳಿ. ಬಿಲ್ಲಲ್ಲಿ ಪಾಲಿಶ್‌ಗೆ ಒಂದು ಸಾಲು ಇರುತ್ತಲ್ಲ, ಬಿಗಿದ ಟಾರ್ಕಿಗೂ ಒಂದು ಸಾಲು ಬರೀಲಿ ಬಿಡಿ!