ಕಡಲಿಗೆ ಪಕ್ಕೆ ಕೊಟ್ಟ ಮನೆಗಳು

ಕಡಲತಡಿಯ ಹಳ್ಳಿಗಳ ಬಗ್ಗೆ ಬರೆಯುವವರಿಗೆ ಒಂದು ಮಾತು ಸದಾ ಕೈಗೆಟುಕುತ್ತದೆ: ‘ಇವರ ರಕ್ತದಲ್ಲೇ ಸಮುದ್ರವಿದೆ.’ ಸ್ಕಾಟ್ಲೆಂಡಿನ ಈಶಾನ್ಯ ತೀರದ ಕ್ರೋವಿಯಂಥ ಹಳ್ಳಿಗೆ ಈ ಮಾತು ಒಪ್ಪುತ್ತದೆ ಎಂದೇ ಯಾರಿಗೂ ಅನ್ನಿಸೀತು. ಹಾಗನ್ನುವವರ ಅಭಿಮಾನದ ಬಗ್ಗೆ ನನಗೆ ಅನುಮಾನವಿಲ್ಲ; ಮಾತಿನ ಬಗ್ಗೆ ಮಾತ್ರ ಸಣ್ಣ ತಕರಾರಿದೆ.

ಕ್ರೋವಿ ಎಂದರೆ ಗುಡ್ಡದ ಬುಡಕ್ಕೂ ಅಲೆಗೂ ನಡುವೆ ಸಿಕ್ಕಿಕೊಂಡ ಮನೆಗಳ ಒಂದೇ ಸಾಲು. ಅಂಚಿನ ಕಾಲುದಾರಿಯಲ್ಲಿ ಕಾರು ಹೋಗದು. ಸಾಮಾನು ಸರಂಜಾಮು ತಳ್ಳುಗಾಡಿಯಲ್ಲೇ ಮನೆ ಸೇರಬೇಕು. ಬಹುಪಾಲು ಮನೆಗಳು ಸಮುದ್ರಕ್ಕೆ ಮುಖ ಮಾಡಿಲ್ಲ, ಪಕ್ಕೆ ಕೊಟ್ಟು ನಿಂತಿವೆ. ಬಿರುಮಳೆಗೆ ಎದುರಾದವನು ಹೆಗಲೊಡ್ಡಿ ನಡೆಯುವ ಹಾಗೆ, ಗಾಳಿ ಅಲೆಗಳಿಗೆ ಕಿರಿಗೋಡೆಯನ್ನಷ್ಟೇ ಕೊಟ್ಟಿವೆ.

ಇಲ್ಲಿಗೆ ಬಂದವರು ಸಮುದ್ರವನ್ನು ಬಯಸಿ ಬಂದವರಲ್ಲ. 18ನೇ ಶತಮಾನದ ಕೊನೆಯಲ್ಲಿ ಜಮೀನ್ದಾರರು ಕುರಿ ಸಾಕಣೆಗೆಂದು ಒಳನಾಡಿನ ಒಕ್ಕಲುಗಳನ್ನು ಎಬ್ಬಿಸಿ ತೀರಕ್ಕೆ ಅಟ್ಟಿದರು. ಅವರು ಮೊದಲು ಹತ್ತಿದ್ದೂ ಜಮೀನ್ದಾರನ ದೋಣಿಯನ್ನೇ; ಸ್ವಂತ ದೋಣಿ ಆಮೇಲಿನ ಮಾತು.

ಆ ಕರಾವಳಿಯಲ್ಲಿ ಗಂಡಸರ ಕಾಲು ನೆನೆಯದಿರಲೆಂದು ಹೆಂಗಸರೇ ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಹತ್ತಿಸುತ್ತಿದ್ದರು. ಹೆರಿಂಗ್ ಮೀನು ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುವ ಹುಡುಗಿಯರು ಬೆರಳುಗಳಿಗೆ ಬಟ್ಟೆಚೂರು ಸುತ್ತಿಕೊಳ್ಳುತ್ತಿದ್ದರು. ಚಾಕು ತಗಲಬಾರದು, ತಗಲಿದ ಗಾಯಕ್ಕೆ ಉಪ್ಪು ಇಳಿಯಬಾರದು. ಆ ಪೀಪಾಯಿಗಳು ಜರ್ಮನಿ, ರಷ್ಯಾಗಳಿಗೆ ಹೋಗುತ್ತಿದ್ದವು.

‘ತಲೆಮಾರುಗಳು ಕಳೆದ ಮೇಲೆ ಆ ಅನಿವಾರ್ಯವೇ ಪ್ರೀತಿಯಾಗುವುದಿಲ್ಲವೇ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಳಿಯ ಗುಣ, ಮೀನಿನ ಜಾಡು ಅವರಿಗೆ ಕರಗತವಾದದ್ದು ನಿಜ. ಆದರೆ 1953ರ ಜನವರಿ 31ರ ಬಿರುಗಾಳಿ ಕಟ್ಟಡಗಳನ್ನೇ ಕೊಚ್ಚಿಕೊಂಡು ಹೋದಾಗ ಬಹಳ ಮಂದಿ ಊರು ಬಿಟ್ಟರು. ಹಲವರು ನೆಲೆಸಿದ್ದು ಹತ್ತಿರದ ಗಾರ್ಡನ್ಸ್‌ಟೌನ್‌ನಲ್ಲಿ. ಅದೂ ಬಂದರಿರುವ ಮೀನುಗಾರರ ಊರೇ. ಕಡಲಿನ ಸಹವಾಸ ತಪ್ಪಲಿಲ್ಲ, ಅಲೆಯ ಬಾಯಲ್ಲಿ ಮಲಗುವುದಷ್ಟೇ ತಪ್ಪಿತು. ಇದು ಅನ್ನದ ಲೆಕ್ಕ ಬಲ್ಲವರ ವಿವೇಕ.

ಇಂದು ಕ್ರೋವಿಯ ಹಲವು ಮನೆಗಳು ರಜೆಗೆ ಬರುವವರವು. ಅವರು ಸಮುದ್ರವನ್ನು ನೋಡಲೆಂದೇ ಬರುತ್ತಾರೆ. ಆ ಪ್ರೀತಿ ಸುಳ್ಳೆನ್ನಲಾರೆ. ಹೊಟ್ಟೆಪಾಡಿಗೆ ಆ ನೀರಿಗಿಳಿಯಬೇಕಾಗಿಲ್ಲದವರ ಪ್ರೀತಿ ಅದು.

ಹಳಬರ ನಂಟನ್ನು ಋಣ ಎನ್ನೋಣ, ರಕ್ತ ಎನ್ನುವುದು ಬೇಡ. ರಕ್ತ ಎಂದುಬಿಟ್ಟರೆ ಅವರು ಹುಟ್ಟಿದಾಗಿನಿಂದ ಅಲ್ಲೇ ಇದ್ದವರಾಗುತ್ತಾರೆ. ಅವರನ್ನು ಅಲ್ಲಿಗೆ ಅಟ್ಟಿದವರು ಯಾರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.